ಬೆರಗಿನ ಇಂಗ್ಲಿಷ್ ಕಿವಿಯಿಂದ ಕಲಿಯಬೇಕು

ಮಾನ್ಯ ಸಂಪಾದಕರೇ,

ನಮ್ಮ ಪ್ರೌಢಶಾಲೆಯ ಮಕ್ಕಳ ಕೈಯಲ್ಲಿರುವ ಇಂಗ್ಲಿಷ್ ವ್ಯಾಕರಣದ ಗೈಡುಗಳಲ್ಲಿ ಇವತ್ತಿಗೂ ‘ಹುರ್ರಾ! ವಿ ಹ್ಯಾವ್ ವನ್ ದ ಮ್ಯಾಚ್’, ‘ಅಲಾಸ್! ಹಿ ಈಸ್ ಡೆಡ್’ ಎಂಬ ವಾಕ್ಯಗಳೇ ರಾರಾಜಿಸುತ್ತಿವೆ. ಉದ್ಗಾರ ವಾಕ್ಯವನ್ನು ಸಾದಾ ವಾಕ್ಯವಾಗಿ ಬದಲಿಸಿ ಬರೆದರೆ ಅಂಕ. ಇಂಗ್ಲಿಷ್ ಮನೆಮಾತಾಗಿರುವವರ ದಿನನಿತ್ಯದ ಮಾತಿನಲ್ಲಿ ‘ಅಲಾಸ್’ ಎಂದೋ ಮಾಯವಾಗಿದೆ. ಮಕ್ಕಳು ಅದನ್ನು ಉರು ಹೊಡೆಯುತ್ತಲೇ ಇದ್ದಾರೆ.

ನಾನು ಗಂಗಾವತಿ ತಾಲ್ಲೂಕಿನಲ್ಲಿ ಇಂಗ್ಲಿಷ್ ಕಲಿಸುವವಳು. ಆನೆಗುಂದಿ, ಸಾಣಾಪುರದ ಕಡೆಯ ಮಕ್ಕಳಿಗೆ ವಿದೇಶಿ ಪ್ರವಾಸಿಗರು ಹೊಸಬರಲ್ಲ. ಕಳೆದ ಚಳಿಗಾಲದಲ್ಲಿ ಹೊಳೆದಂಡೆಯಲ್ಲಿ ನಿಂತಿದ್ದ ಇಂಗ್ಲೆಂಡಿನ ಹಿರಿಯರೊಬ್ಬರು ಬಂಡೆಗಳ ಮೇಲೆ ಬಿದ್ದ ಸಂಜೆಬಿಸಿಲನ್ನು ನೋಡುತ್ತಾ ‘ಈಸಂಟ್ ಇಟ್ ಬ್ಯೂಟಿಫುಲ್!’ ಎಂದರು. ಪಕ್ಕದಲ್ಲಿದ್ದ ನನ್ನ ವಿದ್ಯಾರ್ಥಿನಿ ಗಾಬರಿಯಾಗಿ, ‘ನೋ ನೋ ಸರ್, ವೆರಿ ಬ್ಯೂಟಿಫುಲ್’ ಎಂದು ಸಮಜಾಯಿಷಿ ಕೊಟ್ಟಳು. ಚಂದವಿಲ್ಲವೇ ಎಂದು ಅವರು ಕೇಳುತ್ತಿದ್ದಾರೆಂದೇ ಅವಳು ತಿಳಿದಿದ್ದಳು. ವ್ಯಾಕರಣದಲ್ಲಿ ಅವಳಿಗೆ ತರಗತಿಗೇ ಹೆಚ್ಚು ಅಂಕ. ಆ ಮಾತಿನ ರೂಪ ಪ್ರಶ್ನೆಯದು, ನಿಜ. ಆದರೆ ಕೊನೆಯಲ್ಲಿ ದನಿ ಇಳಿಯುತ್ತದೆ, ಹೇಳುವವರು ಬಯಸುವುದು ಉತ್ತರವನ್ನಲ್ಲ, ಜೊತೆಗೂಡುವಿಕೆಯನ್ನು. ‘ಎಷ್ಟು ಚೆನ್ನಾಗಿದೆ ಅಲ್ಲವಾ’ ಎಂದು ಅವಳೇ ಗೆಳತಿಯರೊಡನೆ ದಿನವೂ ಅನ್ನುತ್ತಿರುತ್ತಾಳೆ. ಆ ಸೇತುವೆಯನ್ನು ತರಗತಿಯಲ್ಲಿ ಯಾರೂ ಕಟ್ಟಿಕೊಟ್ಟಿಲ್ಲ.

ದನಿಯೇ ಇಲ್ಲಿ ಅರ್ಧ ಅರ್ಥ. ‘ರಿಯಲಿ’ ಎಂಬುದನ್ನು ದನಿ ಏರಿಸಿ ಹೇಳಿದರೆ ಮುಂದೆ ಹೇಳು ಎಂಬ ಕುತೂಹಲ, ಸಪ್ಪೆಯಾಗಿ ಹೇಳಿದರೆ ಬೇಸರ. ಬ್ರಿಟಿಷರು ಎಷ್ಟೋ ಸಲ ‘ನಾಟ್ ಬ್ಯಾಡ್’ ಎಂಬಷ್ಟರಲ್ಲೇ ದೊಡ್ಡ ಮೆಚ್ಚುಗೆ ಮುಗಿಸಿಬಿಡುತ್ತಾರೆ. ಅಮೆರಿಕದವರು ಒಂದು ಲೋಟ ಕಾಫಿಗೂ ‘ಆಸಮ್’ ಎನ್ನಬಲ್ಲರು. ಮಕ್ಕಳು ಮೊಬೈಲಿನಿಂದ ಎತ್ತಿಕೊಂಡಿರುವ ‘ಓ ಮೈ ಗಾಡ್’ ಕೂಡ ಎಲ್ಲೆಡೆ ಸಲ್ಲುವುದಿಲ್ಲ. ದೇವರ ಹೆಸರನ್ನು ಸುಮ್ಮನೆ ಎತ್ತಬಾರದೆಂಬ ನಂಬಿಕೆ ಅನೇಕ ಕ್ರೈಸ್ತರಲ್ಲಿದೆ. ಅದಕ್ಕೇ ‘ಗಾಶ್’, ‘ಗಾಲಿ’ ಎಂಬ ಮರೆಮಾತುಗಳು ಹುಟ್ಟಿದವು. 1606ರಲ್ಲಂತೂ ಇಂಗ್ಲೆಂಡಿನಲ್ಲಿ ನಾಟಕದವರು ರಂಗದ ಮೇಲೆ ದೇವರ ಹೆಸರನ್ನು ಹಗುರವಾಗಿ ಬಳಸಿದರೆ ಹತ್ತು ಪೌಂಡ್ ದಂಡ ಎಂಬ ಕಾನೂನೇ ಬಂದಿತ್ತು. ಇಂಥದ್ದನ್ನು ಹೇಳಿದರೆ ಮಕ್ಕಳು ಕಣ್ಣರಳಿಸಿ ಕೇಳುತ್ತಾರೆ. 1977ರಲ್ಲಿ ಅಮೆರಿಕದ ಓಹಿಯೋದಲ್ಲಿ ಖಗೋಳ ವಿಜ್ಞಾನಿ ಜೆರ್ರಿ ಎಹ್ಮನ್ ಆಕಾಶದಿಂದ ಬಂದ ವಿಚಿತ್ರ ರೇಡಿಯೊ ಸಂಕೇತದ ಅಂಕಿ-ಅಕ್ಷರಗಳಿಗೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ, ಪಕ್ಕದಲ್ಲಿ ‘ವಾವ್!’ ಎಂದಷ್ಟೇ ಬರೆದ ಕಥೆಯನ್ನು ನನ್ನ ತರಗತಿ ಮತ್ತೆ ಮತ್ತೆ ಹೇಳಿಸಿಕೊಳ್ಳುತ್ತದೆ.

ಪಠ್ಯ ರೂಪಿಸುವವರಲ್ಲಿ ನನ್ನ ಕೋರಿಕೆ ಇಷ್ಟೇ. ಉದ್ಗಾರದ ಪಾಠವನ್ನು ಕಿವಿಯ ಪಾಠವನ್ನಾಗಿ ಮಾಡಿ. ಬೇರೆ ಬೇರೆ ದೇಶದವರ ದನಿಗಳ ಧ್ವನಿಮುದ್ರಿಕೆ ಕೊಡಿ, ಮಾತಾಡಿದ್ದಕ್ಕೂ ಅಂಕ ಇಡಿ. ನಮ್ಮ ಜಿಲ್ಲೆಯ ಇಟಗಿಯಲ್ಲಿ 1112ರ ಮಹಾದೇವ ದೇಗುಲವಿದೆ. ಅಲ್ಲಿನ ಶಾಸನ ಅದನ್ನು ‘ದೇವಾಲಯ ಚಕ್ರವರ್ತಿ’ ಎಂದು ಕೊಂಡಾಡುತ್ತದೆ. ಮಕ್ಕಳನ್ನು ಆ ಕಂಬಗಳ ನಡುವೆ ನಿಲ್ಲಿಸಿ, ಬಂದ ಅತಿಥಿಗೆ ನಿಮ್ಮ ಬೆರಗನ್ನು ಇಂಗ್ಲಿಷಿನಲ್ಲಿ ಹೇಳಿ ಎಂದರೆ, ಗೈಡಿನ ಹತ್ತು ಪುಟಗಳಿಗಿಂತ ಹೆಚ್ಚು ಕಲಿಯುತ್ತಾರೆ. ಮುಂದಿನ ಪಠ್ಯ ಪರಿಷ್ಕರಣೆಯಲ್ಲಾದರೂ ಇದಕ್ಕೆ ಒಂದೆರಡು ಪಿರಿಯಡ್ ಮೀಸಲಿಡಲಿ.

– ಪ್ರೌಢಶಾಲಾ ಇಂಗ್ಲಿಷ್ ಶಿಕ್ಷಕಿ, ಗಂಗಾವತಿ, ಕೊಪ್ಪಳ ಜಿಲ್ಲೆ