ಹದಿನಾಲ್ಕು ಮೆಟ್ಟಿಲು ಯಾರ ಫೈಲಿನಲ್ಲೂ ಇರಲಿಲ್ಲ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಹೋದ ವಾರ ನಿಮ್ಮ ಓದುಗರ ಅಂಕಣದಲ್ಲಿ ಒಬ್ಬ ತಂದೆ ಬರೆದ ಪತ್ರ ಓದಿದೆ. ಮಗಳು ಎಂಎಸ್‌ಡಬ್ಲ್ಯೂ, ಅಂದರೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿ, ಓದಿ ಆಸ್ಪತ್ರೆಯಲ್ಲಿ ಕೆಲಸ ಮಾಡ್ತೀನಿ ಅಂತ ಹಟ ಹಿಡಿದಿದ್ದಾಳಂತೆ. ಡಾಕ್ಟರ್ ಇದ್ದಾರೆ, ನರ್ಸ್ ಇದ್ದಾರೆ, ಇವಳು ಅಲ್ಲಿ ಹೋಗಿ ಮಾಡೋದೇನು, ಫಾರಂ ತುಂಬಿಸಿ ನಾಲ್ಕು ಸಮಾಧಾನದ ಮಾತು ಹೇಳೋದಕ್ಕೆ ಎರಡು ವರ್ಷ ಓದಬೇಕಾ ಅಂತ ಅವರು ಕೇಳಿದ್ದಾರೆ. ಅವರು ಕೇಳಿದ್ದರಲ್ಲಿ ತಪ್ಪೇನಿಲ್ಲ. ನಮ್ಮಪ್ಪನೂ ನನ್ನನ್ನು ಇದನ್ನೇ ಕೇಳಿದ್ದರು. ಅವರಿಗೆ ಆಗ ಸರಿಯಾಗಿ ಉತ್ತರ ಹೇಳೋಕೆ ನನಗೆ ಬರಲಿಲ್ಲ. ಈಗ ಹೇಳಬಲ್ಲೆ ಅನ್ನಿಸಿದ್ದಕ್ಕೆ ಈ ಪತ್ರ.

ನಾನು ಹತ್ತೊಂಬತ್ತು ವರ್ಷದಿಂದ ಅಮೆರಿಕದಲ್ಲಿ ಮಾಜಿ ಸೈನಿಕರ ಆಸ್ಪತ್ರೆಯೊಂದರಲ್ಲಿದ್ದೇನೆ. ಆರು ವರ್ಷದಿಂದ ಅಲ್ಲಿನ ಸಮಾಜಕಾರ್ಯ ವಿಭಾಗದ ಮುಖ್ಯಸ್ಥೆ. ಸಮಾಜಸೇವೆ ಬೇರೆ, ಸಮಾಜಕಾರ್ಯ ಬೇರೆ. ಸೇವೆ ಮಾಡೋದಕ್ಕೆ ಮನಸ್ಸಿದ್ದರೆ ಸಾಕು. ಈ ಕೆಲಸಕ್ಕೆ ಓದು ಬೇಕು, ಲೈಸೆನ್ಸ್ ಬೇಕು, ತಪ್ಪಾದರೆ ಉತ್ತರ ಕೊಡಬೇಕು. ಇಲ್ಲಿ ಮಾಜಿ ಸೈನಿಕರ ಆರೋಗ್ಯ ನೋಡಿಕೊಳ್ಳೋದು ವೆಟರನ್ಸ್ ಅಫೇರ್ಸ್ ಇಲಾಖೆ. ಎಲ್ಲರೂ ‘ವಿಎ’ ಅಂತಾರೆ. 1926ರಲ್ಲಿ ಇದರ ಹಿಂದಿನ ಸಂಸ್ಥೆಯಾದ ವೆಟರನ್ಸ್ ಬ್ಯೂರೋದಲ್ಲಿ ಸಮಾಜಕಾರ್ಯ ಶುರುವಾಯಿತು. ಮೊದಲನೇ ಮಹಾಯುದ್ಧದಿಂದ ಬಂದು ಮನೋರೋಗ, ಕ್ಷಯ ಅಂತ ಆಸ್ಪತ್ರೆಯಲ್ಲಿದ್ದವರಿಗಾಗಿ ಆಗ ಇಟ್ಟುಕೊಂಡಿದ್ದು ಬರೀ 36 ಜನರನ್ನು. ಇವತ್ತು ಅಮೆರಿಕದಲ್ಲಿ ಅತಿ ಹೆಚ್ಚು ಸೋಶಿಯಲ್ ವರ್ಕರ್‌ಗಳಿಗೆ ಕೆಲಸ ಕೊಟ್ಟಿರೋದು ವಿಎನೇ.

ಆ ತಂದೆಗೆ ಒಬ್ಬ ಅಜ್ಜನ ಕಥೆ ಹೇಳಬೇಕು. ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿದ್ದೇನೆ.

ವಿಯೆಟ್ನಾಂ ಯುದ್ಧಕ್ಕೆ ಹೋಗಿ ಬಂದವರು. ಹೆಂಡತಿ ತೀರಿಕೊಂಡು ನಾಲ್ಕು ವರ್ಷವಾಗಿತ್ತು, ಮನೆಯಲ್ಲಿ ಒಬ್ಬರೇ. ಹೃದಯ ಸೋತಿತ್ತು. ಮೈಯಲ್ಲಿ ನೀರು ನಿಲ್ಲುತ್ತಿತ್ತು, ಕಾಲು ಊದಿಕೊಳ್ಳುತ್ತಿತ್ತು, ಮಲಗಿದರೆ ಉಸಿರು ಕಟ್ಟುತ್ತಿತ್ತು. ಆಸ್ಪತ್ರೆಗೆ ಬರ್ತಾ ಇದ್ದರು, ಐದು ದಿನ ಇದ್ದು ಹುಷಾರಾಗಿ ಹೋಗ್ತಾ ಇದ್ದರು. ಮೂರು ವಾರಕ್ಕೆ ಮತ್ತೆ ವಾಪಸ್. ಎರಡನೇ ಸಲ ಬಂದಾಗ ನಮ್ಮ ಹುಡುಗಿಯೊಬ್ಬಳು, ಆ ವಾರ್ಡಿನ ಸೋಶಿಯಲ್ ವರ್ಕರ್, ನನ್ನ ಹತ್ತಿರ ಬಂದು ‘ಇವರು ಡಿಸ್ಚಾರ್ಜ್ ಆದ ಮೇಲೆ ಮನೆಗೊಂದು ಸಲ ಹೋಗಿ ನೋಡ್ಬೇಕು, ಅರ್ಧ ದಿನ ಬೇಕು’ ಅಂದಳು. ನಾನು ಮುಖ್ಯಸ್ಥೆಯಾಗಿ ಆಗಿನ್ನೂ ಐದು ತಿಂಗಳು. ನನ್ನ ಮೇಜಿನ ಮೇಲೆ ಅಂಕಿ ಅಂಶದ ಹಾಳೆಗಳಿದ್ದವು. ಎಷ್ಟು ಜನರನ್ನು ನೋಡಿದಿರಿ, ಎಷ್ಟು ದಿನದಲ್ಲಿ ವರದಿ ಬರೆದಿರಿ, ಎಷ್ಟು ಡಿಸ್ಚಾರ್ಜ್. ಮನೆ ಭೇಟಿಗೆ ಹೋದರೆ ಆ ದಿನದ ಅಂಕಿ ಇಳಿಯುತ್ತೆ. ‘ಫೋನಿನಲ್ಲೇ ಕೇಳಮ್ಮ’ ಅಂದುಬಿಟ್ಟೆ. ಅವಳು ಫೋನ್ ಮಾಡಿದಳು. ಮಾತ್ರೆ ತಗೋತಿದ್ದೀರಾ ಅಂತ ಕೇಳಿದಳು. ‘ತಗೋತಿದ್ದೀನಿ’ ಅಂದರು.

ಮೂರನೇ ಸಲ ಅವರು ಬಂದಾಗ ಸೀದಾ ಐಸಿಯುಗೆ ಹೋದರು. ಆವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಅವರು ಚೇತರಿಸಿಕೊಂಡು ಮನೆಗೆ ಹೋದ ಮಾರನೇ ದಿನ ನಾವಿಬ್ಬರೂ ಅಲ್ಲಿಗೆ ಹೋದೆವು. ಹಳೇ ಮರದ ಮನೆ. ಕೆಳಗೆ ಅಡುಗೆಮನೆ, ಒಂದು ದೊಡ್ಡ ರೂಮು. ಅಲ್ಲಿ ಒಂದು ಒರಗು ಕುರ್ಚಿ. ಅವರು ಮಲಗ್ತಾ ಇದ್ದದ್ದೂ ಅದರಲ್ಲೇ. ಪಕ್ಕದ ಸ್ಟೂಲಿನ ಮೇಲೆ ವಾರದ ಮಾತ್ರೆ ಡಬ್ಬಿ. ಏಳು ದಿನಕ್ಕೆ ಏಳು ಮುಚ್ಚಳ. ಹುಡುಗಿ ಅನುಮತಿ ಕೇಳಿ ತೆರೆದು ನೋಡಿದಳು. ಆಸ್ಪತ್ರೆಗೆ ಬರೋಕೆ ಮುಂಚಿನ ದಿನಗಳ ಖಾನೆಗಳು ಖಾಲಿ ಇರಬೇಕಿತ್ತು. ಪ್ರತಿಯೊಂದರಲ್ಲೂ ಒಂದೇ ಒಂದು ಸಣ್ಣ ಬಿಳಿ ಮಾತ್ರೆ ಉಳಿದಿತ್ತು. ಬೇರೆಲ್ಲ ನುಂಗಿದ್ದಾರೆ, ಅದೊಂದನ್ನು ಬಿಟ್ಟು. ಮೈಯ ನೀರು ಹೊರಗೆ ಹಾಕೋ ಮಾತ್ರೆ ಅದು.

ಅವಳು ಏಕೆ ಬಿಟ್ಟಿರಿ ಅಂತ ಕೇಳಲಿಲ್ಲ. ‘ಬಾತ್‌ರೂಮ್ ಎಲ್ಲಿದೆ ಸರ್?’ ಅಂದಳು. ಅಜ್ಜ ಮೇಲೆ ಕೈ ತೋರಿಸಿದರು. ಮೆಟ್ಟಿಲು ಎಣಿಸಿದೆವು, ಹದಿನಾಲ್ಕು. ಮೆಟ್ಟಿಲ ಪಕ್ಕದ ಹಿಡಿಕೆಯಲ್ಲಿ ನಡುವೆ ಒಂದು ಕಡೆ ಬಣ್ಣ ಪೂರಾ ಸವೆದಿತ್ತು. ಅಲ್ಲಿ ನಿಂತು ಉಸಿರು ತಗೋತಾ ಇದ್ದರಂತೆ. ಆ ಮಾತ್ರೆ ನುಂಗಿದರೆ ಬೆಳಗ್ಗೆಯೆಲ್ಲ ಮತ್ತೆ ಮತ್ತೆ ಹೋಗಬೇಕು. ಮೇಲೆ ಹತ್ತೋದರೊಳಗೆ ಬಟ್ಟೆಯಲ್ಲೇ ಆಗಿಬಿಡುತ್ತೆ. ‘ಈ ವಯಸ್ಸಲ್ಲಿ ನನ್ನ ನೆಲ ಒರೆಸೋಕೆ ಯಾರನ್ನ ಕರೀಲಿ?’ ಅಂದರು. ನಮ್ಮ ಮುಖ ನೋಡದೆ ಹೇಳಿದರು.

ಮೂರು ಸಲ ಆಸ್ಪತ್ರೆಗೆ ಸೇರಿಸಿಕೊಂಡವರು ನಾವು. ರಕ್ತ ನೋಡಿದ್ದೆವು, ಹೃದಯದ ಸ್ಕ್ಯಾನ್ ಮಾಡಿದ್ದೆವು. ಆ ಹದಿನಾಲ್ಕು ಮೆಟ್ಟಿಲು ಮಾತ್ರ ಯಾರ ಫೈಲಿನಲ್ಲೂ ಇರಲಿಲ್ಲ.

ಮರುದಿನವೇ ಆಸ್ಪತ್ರೆಯಿಂದ ಒಂದು ಕಮೋಡ್ ಕುರ್ಚಿ ಹೋಯಿತು. ಡಾಕ್ಟರ್ ಮಾತ್ರೆಯ ಹೊತ್ತು ಬದಲಾಯಿಸಿದರು. ಆಮೇಲೆ ಬಂತು ನೋಡಿ, ಆ ತಂದೆ ಹೇಳಿದ ಫಾರಂ. ಮಾಜಿ ಸೈನಿಕರ ಮನೆಯನ್ನು ಅವರ ಕಾಯಿಲೆಗೆ ತಕ್ಕ ಹಾಗೆ ಬದಲಾಯಿಸಲು ವಿಎಯಲ್ಲಿ ಒಂದು ಅನುದಾನ ಇದೆ. ಕಾಯಿಲೆ ಸೈನ್ಯದ ಸೇವೆಯಿಂದಲೇ ಬಂದದ್ದು ಅಂತ ಒಪ್ಪಿಗೆಯಾಗಿದ್ದರೆ ಜೀವಮಾನಕ್ಕೆ 6,800 ಡಾಲರ್‌ವರೆಗೆ ಸಿಗುತ್ತೆ, ಇಲ್ಲದಿದ್ದರೆ 2,000. ಅದಕ್ಕೆ ಡಾಕ್ಟರ ಚೀಟಿ ಬೇಕು, ಕೆಲಸದ ಅಂದಾಜು ಪಟ್ಟಿ ಬೇಕು, ಮನೆಯ ಫೋಟೋ ಬೇಕು. ಹುಡುಗಿ ಒಂದೊಂದಾಗಿ ಜೋಡಿಸಿದಳು. ಕೆಳಗೇ ಒಂದು ಸಣ್ಣ ಬಾತ್‌ರೂಮ್ ಆಯಿತು. ಆ ಚಳಿಗಾಲ ಪೂರ್ತಿ ಅಜ್ಜ ನಮ್ಮ ವಾರ್ಡಿಗೆ ಬರಲಿಲ್ಲ. ಎರಡು ವರ್ಷ ಬದುಕಿದರು. ತೀರಿಕೊಂಡಿದ್ದೂ ಮನೆಯಲ್ಲೇ, ಆ ಕುರ್ಚಿಯಲ್ಲೇ.

ಅಂದಿನಿಂದ ನಮ್ಮ ವಿಭಾಗದಲ್ಲಿ ಒಂದು ಪದ್ಧತಿ ಇಟ್ಟಿದ್ದೇನೆ. ಯಾರಾದರೂ ಮನೆ ಭೇಟಿ ಬೇಕು ಅಂದರೆ ನಾನು ಏಕೆ ಅಂತ ಕೇಳಲ್ಲ, ಯಾವತ್ತು ಅಂತ ಕೇಳ್ತೀನಿ. ಅಂಕಿ ಇಳಿದಿದ್ದಕ್ಕೆ ಮೇಲಿನವರು ಕೇಳಿದರೆ ಉತ್ತರ ಕೊಡೋದು ನನ್ನ ಕೆಲಸ, ಅವರದ್ದಲ್ಲ.

ಮುಖ್ಯಸ್ಥೆ ಅಂದರೆ ಏನು ಮಾಡ್ತೀರಿ ಅಂತ ಜನ ಕೇಳ್ತಾರೆ. ನನ್ನವರು ಒಂದು ಕಡೆ ಕೂರೋದಿಲ್ಲ. ಒಬ್ಬರು ಡಯಾಲಿಸಿಸ್‌ನಲ್ಲಿ, ಒಬ್ಬರು ಐಸಿಯುನಲ್ಲಿ, ಇನ್ನೊಬ್ಬರು ಮನೋರೋಗ ವಿಭಾಗದಲ್ಲಿ. ಕೆಲವರು ಬೀದಿಯಲ್ಲಿ ಮಲಗುವವರನ್ನು ಹುಡುಕಿಕೊಂಡು ಹೋಗೋರು. ದಿನವಿಡೀ ಅವರು ಬೇರೆಯವರ ತಂಡದಲ್ಲಿ ಇರ್ತಾರೆ. ಬೆಳಗ್ಗೆ ಹನ್ನೊಂದಕ್ಕೆ ಹಾಸಿಗೆ ಖಾಲಿ ಆಗಬೇಕು ಅಂತ ಡಾಕ್ಟರ್ ಹೇಳ್ತಾರೆ. ಅವರ ತಪ್ಪಲ್ಲ, ಕೆಳಗೆ ಎಮರ್ಜೆನ್ಸಿಯಲ್ಲಿ ಇನ್ನೊಬ್ಬ ಸ್ಟ್ರೆಚರ್ ಮೇಲೆ ಕಾಯ್ತಾ ಇರ್ತಾನೆ. ಆದರೂ ಕೆಲಸಕ್ಕೆ ಸೇರಿ ಎರಡು ವರ್ಷವೂ ಆಗದ ಹುಡುಗಿ ಅಷ್ಟು ಜನರ ಮುಂದೆ ‘ಇವರನ್ನು ಇವತ್ತು ಕಳಿಸಬಾರದು, ಮನೆಯಲ್ಲಿ ಕರೆಂಟ್ ಇಲ್ಲ’ ಅಂತ ಹೇಳಬೇಕು. ಹೇಳಿದಾಗ ಅವಳ ಹಿಂದೆ ಒಬ್ಬರು ನಿಂತಿರಬೇಕು. ನಾನಿರೋದು ಅದಕ್ಕೆ. ಉಳಿದ ಸಭೆ, ಬಜೆಟ್, ಖಾಲಿ ಹುದ್ದೆಗೆ ಜನ ಹುಡುಕೋದು, ಇದೆಲ್ಲ ಇದ್ದದ್ದೇ.

ನನ್ನ ಮೇಜಿನ ಕೆಳಗಿನ ಡ್ರಾಯರ್‌ನಲ್ಲಿ ಬಂದೂಕಿನ ಬೀಗಗಳಿವೆ. ಪ್ಲಾಸ್ಟಿಕ್ ಹೊದಿಕೆಯ ಒಂದು ತಂತಿ, ತುದಿಯಲ್ಲಿ ಪುಟ್ಟ ಬೀಗ. ತಂತಿಯನ್ನು ಬಂದೂಕಿನೊಳಗೆ ತೂರಿಸಿ ಬೀಗ ಹಾಕಿದರೆ ಗುಂಡು ತುಂಬೋಕೆ ಆಗಲ್ಲ. ಕೇಳಿದವರಿಗೆಲ್ಲ ಪುಕ್ಕಟೆ ಕೊಡ್ತೀವಿ. ಅಮೆರಿಕದಲ್ಲಿ ವರ್ಷಕ್ಕೆ 6,000ಕ್ಕೂ ಹೆಚ್ಚು ಮಾಜಿ ಸೈನಿಕರು ಆತ್ಮಹತ್ಯೆ ಮಾಡಿಕೊಳ್ತಾರೆ. ಹತ್ತರಲ್ಲಿ ಏಳು ಸಾವು ಬಂದೂಕಿನಿಂದ. ಸಾಯಬೇಕು ಅನ್ನೋ ಆ ಗಳಿಗೆ ಬಹಳ ಸಲ ಚಿಕ್ಕದು. ಬೀಗದ ಕೈ ಹೆಂಡತಿಯ ಹತ್ತಿರವೋ ಗೆಳೆಯನ ಹತ್ತಿರವೋ ಇದ್ದರೆ ಆ ಗಳಿಗೆ ಕಳೆದು ಹೋಗಬಹುದು. ಅದಕ್ಕೇ ನಮ್ಮವರು ‘ಮನೆಯಲ್ಲಿ ಬಂದೂಕು ಇದೆಯಾ, ಎಲ್ಲಿಟ್ಟಿದ್ದೀರಿ’ ಅಂತ ನೇರವಾಗಿ ಕೇಳ್ತಾರೆ. ಸಾಯಬೇಕು ಅನ್ನಿಸ್ತಿದೆಯಾ ಅಂತಲೂ ಕೇಳ್ತಾರೆ. ಕೇಳಿದರೆ ತಲೆಯಲ್ಲಿ ಇಲ್ಲದ್ದನ್ನು ತುಂಬಿದ ಹಾಗಾಗುತ್ತೆ ಅಂತ ಜನ ಹೆದರ್ತಾರೆ. ಹಾಗಾಗಲ್ಲ. ರಾತ್ರಿ ಎಷ್ಟೇ ಹೊತ್ತಾಗಿರಲಿ, 988ಕ್ಕೆ ಫೋನ್ ಮಾಡಿ 1 ಒತ್ತಿದರೆ ಮಾಜಿ ಸೈನಿಕರಿಗೆ ಅಂತಲೇ ಮಾತಾಡೋರು ಸಿಗ್ತಾರೆ.

ಇಷ್ಟೆಲ್ಲ ಮಾಡಿದರೂ ಕೆಲವರು ಹೋಗಿಬಿಡ್ತಾರೆ. ಆ ದಿನಗಳ ಬಗ್ಗೆ ಆ ತಂದೆಗೆ ಮುಚ್ಚಿಡಬಾರದು. ಒಂದು ಸೋಮವಾರ ಬೆಳಗ್ಗೆ ನಮ್ಮ ರೋಗಿಯೊಬ್ಬ ಹಾಗೆ ಹೋದ ಸುದ್ದಿ ಬಂತು. ಆತನನ್ನು ನೋಡಿಕೊಳ್ಳುತ್ತಿದ್ದ ನಮ್ಮ ಹುಡುಗ ಅಷ್ಟು ಹೊತ್ತಿಗೆ ಇನ್ನೊಬ್ಬ ರೋಗಿಯ ಜೊತೆ ಮಾತಾಡ್ತಾ ಕೂತಿದ್ದ. ಅವನು ಹೊರಗೆ ಬರೋವರೆಗೆ ನಾನು ಬಾಗಿಲ ಹೊರಗೆ ಕಾದೆ. ಬೇರೆ ಯಾರ ಬಾಯಲ್ಲೂ ಅವನು ಕೇಳಬಾರದಿತ್ತು. ಹೇಳಿದೆ. ಅವನು ಗೋಡೆಗೆ ಒರಗಿ ‘ಗುರುವಾರ ನಗ್ತಾ ಇದ್ದ’ ಅಂದ. ಅದನ್ನೇ ಮೂರು ನಾಲ್ಕು ಸಲ ಅಂದ. ಏನು ಬರೆದಿದ್ದೆ, ಏನು ಬಿಟ್ಟಿದ್ದೆ ಅಂತ ಆವತ್ತು ಯಾರೂ ಅವನನ್ನು ಕೇಳದ ಹಾಗೆ ನೋಡಿಕೊಂಡೆ. ಅದೆಲ್ಲ ಆಮೇಲೆ ಆಗಲೇಬೇಕು, ಆಯಿತು ಕೂಡ. ಅವನ ಆ ದಿನದ ರೋಗಿಗಳನ್ನು ನಾನು ಮತ್ತು ಇನ್ನಿಬ್ಬರು ಹಂಚಿಕೊಂಡೆವು. ಸಂಜೆ ಅವನ ಹೆಂಡತಿಗೆ ಫೋನ್ ಮಾಡಿ ಬಂದು ಕರ್ಕೊಂಡು ಹೋಗಮ್ಮ ಅಂದೆ. ಅವನು ಈಗಲೂ ನಮ್ಮಲ್ಲೇ ಇದ್ದಾನೆ. ನನಗೆ ಅದು ದೊಡ್ಡ ವಿಷಯ.

ಇನ್ನು ಹೆಂಡತಿಯರ ಮಾತು. ಮನೆಯಲ್ಲಿ ಆರೈಕೆ ಮಾಡೋರಿಗೆ ತಿಂಗಳು ತಿಂಗಳು ಹಣ ಕೊಡುವ ಯೋಜನೆ ವಿಎಯಲ್ಲಿ 2011ರಲ್ಲಿ ಶುರುವಾಯಿತು. ಆದರೆ 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಸೈನ್ಯದ ಸೇವೆಯಲ್ಲಿ ಗಾಯಗೊಂಡವರ ಮನೆಯವರಿಗೆ ಮಾತ್ರ. ವಿಯೆಟ್ನಾಂ ಕಾಲದವರ ಹೆಂಡತಿಯರು 2020ರವರೆಗೆ ಕಾಯಬೇಕಾಯಿತು, ನಡುವಿನ ಕಾಲದವರು 2022ರವರೆಗೆ. ಬಾಗಿಲು ತೆರೆದ ವರ್ಷ ಒಬ್ಬ ಹೆಂಗಸು ಅರ್ಜಿ ತಂದರು. ನೀವು ಯಾವ ಯಾವ ಸಹಾಯ ಮಾಡ್ತೀರಿ ಅನ್ನೋ ಕಡೆ ‘ವಿಶೇಷವೇನಿಲ್ಲ’ ಅಂತ ಬರೆದಿದ್ದರು. ಹಾಗೇ ಕಳಿಸಿದ್ದರೆ ಅರ್ಜಿ ತಿರಸ್ಕಾರ ಆಗ್ತಿತ್ತು. ಅವರು ಸುಳ್ಳು ಬರೆದಿರಲಿಲ್ಲ. ಹೆಂಡತಿ ಅಂದ ಮೇಲೆ ಮಾಡೋದೇ ಅಲ್ವಾ ಅಂತ ಅವರ ಲೆಕ್ಕ. ನಮ್ಮ ಸೋಶಿಯಲ್ ವರ್ಕರ್ ಅರ್ಜಿ ಪಕ್ಕಕ್ಕಿಟ್ಟು, ‘ನಿನ್ನೆ ಬೆಳಗ್ಗೆ ಎದ್ದ ಕೂಡಲೇ ಏನು ಮಾಡಿದಿರಿ, ಅಲ್ಲಿಂದ ಹೇಳಿ’ ಅಂದಳು. ಸಾಕ್ಸ್ ಹಾಕೋದು, ಶೇವ್ ಮಾಡೋದು, ಕೆಮ್ಮು ಬಂದರೆ ತಟ್ಟೆ ಪಕ್ಕಕ್ಕೆ ಸರಿಸೋದು, ರಾತ್ರಿ ಕಿರುಚಿ ಎದ್ದಾಗ ಮುಟ್ಟದೆ ದೂರದಿಂದಲೇ ಹೆಸರು ಹಿಡಿದು ಕರೆಯೋದು. ಬರೆದುಕೊಳ್ತಾ ಹೋದರೆ ಎರಡು ಹಾಳೆ ತುಂಬಿತು, ಇನ್ನೂ ಮಧ್ಯಾಹ್ನವೇ ಆಗಿರಲಿಲ್ಲ. ಲಿಂಕನ್ 1865ರಲ್ಲಿ ಆಡಿದ ಒಂದು ಮಾತನ್ನು ವಿಎ ತನ್ನ ಧ್ಯೇಯವಾಕ್ಯ ಮಾಡಿಕೊಂಡಿತ್ತು. ಯುದ್ಧದ ಭಾರ ಹೊತ್ತವನನ್ನೂ ಅವನ ವಿಧವೆಯನ್ನೂ ಅನಾಥ ಮಗುವನ್ನೂ ನೋಡಿಕೊಳ್ಳಬೇಕು ಅಂತ ಅದರ ಅರ್ಥ. 2023ರಲ್ಲಿ ಅದನ್ನು ತಿದ್ದಿದಾಗ ಆರೈಕೆ ಮಾಡುವವರನ್ನೂ ಸೇರಿಸಿದರು. ಆ ದಿನ ನಾನು ಆ ಹೆಂಗಸನ್ನು ನೆನೆಸಿಕೊಂಡೆ.

ಮನೆಯಿಲ್ಲದವರ ಕೆಲಸದ ಬಗ್ಗೆ ಬರೆಯೋಕೆ ಇನ್ನೊಂದು ಪತ್ರವೇ ಬೇಕು. ಒಂದೇ ಮಾತು ಹೇಳ್ತೀನಿ. 2010ರ ಎಣಿಕೆಯಲ್ಲಿ ಇಲ್ಲಿ 74,000ಕ್ಕೂ ಹೆಚ್ಚು ಮಾಜಿ ಸೈನಿಕರಿಗೆ ಮನೆ ಇರಲಿಲ್ಲ. 2024ರಲ್ಲಿ ಅದು 33,000ಕ್ಕಿಂತ ಕೆಳಗಿಳಿದಿತ್ತು. ಬಾಡಿಗೆಗೆ ಸರ್ಕಾರದ ಸಹಾಯ, ಜೊತೆಗೆ ಮನೆ ಸಿಕ್ಕ ಮೇಲೂ ಬಂದು ಹೋಗೋ ಒಬ್ಬ ಸೋಶಿಯಲ್ ವರ್ಕರ್, ಎರಡನ್ನೂ ಸೇರಿಸಿ ಕೊಟ್ಟಿದ್ದು ಇದಕ್ಕೆ ಬಹಳ ನೆರವಾಯಿತು. ಬೀಗದ ಕೈ ಕೈಗೆ ಬಂದ ಮೇಲೂ ವಾರಗಟ್ಟಲೆ ಮಂಚದ ಪಕ್ಕ ನೆಲದ ಮೇಲೆ, ಶೂ ಬಿಚ್ಚದೆ ಮಲಗಿದವರನ್ನು ನೋಡಿದ್ದೇನೆ.

ಆ ತಂದೆಗೆ ನನ್ನದೊಂದು ಕೋರಿಕೆ. ಮಗಳು ಫೀಲ್ಡ್‌ವರ್ಕ್ ಮುಗಿಸಿ ಸಂಜೆ ಮನೆಗೆ ಬಂದಾಗ ಇವತ್ತು ಏನು ನೋಡಿದೆ ಅಂತ ಕೇಳಿ. ಯಾರ ಮನೆ, ಯಾರ ಹೆಸರು ಅಂತ ಕೇಳಬೇಡಿ, ಅವಳು ಹೇಳಬಾರದು. ಕೆಲವು ದಿನ ಏನೂ ಹೇಳದೆ ಸುಮ್ನೆ ಕೂತಿರ್ತಾಳೆ. ಆಗ ಊಟ ಬಡಿಸಿ.

ಈ ವರ್ಷ ನಮ್ಮ ವಿಭಾಗಕ್ಕೂ ಮೂವರು ಎಂಎಸ್‌ಡಬ್ಲ್ಯೂ ವಿದ್ಯಾರ್ಥಿಗಳು ಬಂದಿದ್ದಾರೆ. ನಾಳೆ ಬೆಳಗ್ಗೆ ಒಬ್ಬಳನ್ನು ಕರ್ಕೊಂಡು ಮನೆ ಭೇಟಿಗೆ ಹೊರಟಿದ್ದೇನೆ. ಮೊನ್ನೆ ಡಿಸ್ಚಾರ್ಜ್ ಆದವರು, ಆಕ್ಸಿಜನ್ ಸಿಲಿಂಡರ್ ಜೊತೆ ಕಳಿಸಿದ್ದೇವೆ. ಮನೆ ಮೂರನೇ ಮಹಡಿಯಲ್ಲಿದೆ, ಲಿಫ್ಟ್ ಇಲ್ಲವಂತೆ.

ಇಂತಿ,
ನಿಮ್ಮ ಹಳೆಯ ಓದುಗರಲ್ಲೊಬ್ಬಳು