ಗೆಳೆಯನಿಗೊಂದು ಪತ್ರ: ಕಾಟ್ಸ್‌ವೋಲ್ಡ್ಸ್‌ನಲ್ಲಿ ಕೊನೆಯ ದಿನ

ಪ್ರಿಯ ಮಂಜು,

ಇಂಗ್ಲೆಂಡಿನ ಕಾಟ್ಸ್‌ವೋಲ್ಡ್ಸ್ ಗುಡ್ಡನಾಡಿನ ಪ್ರವಾಸದಲ್ಲಿ ಕೊನೆಯ ದಿನಕ್ಕೆಂದು ನೀನು ಹಾಕಿಕೊಂಡ ಪಟ್ಟಿ ನೋಡಿದೆ. ಭಾನುವಾರ ಬೆಳಗ್ಗೆ ಕಾಟೇಜ್ ಖಾಲಿ ಮಾಡಿ ಬೈಬರಿ, ಆಮೇಲೆ ಕ್ಯಾಸಲ್ ಕೂಂಬ್, ಸಂಜೆ ಆಕ್ಸ್‌ಫರ್ಡ್, ರಾತ್ರಿ ಒಂಬತ್ತಕ್ಕೆ ಲಂಡನ್ನಿನ ಹೀಥ್ರೂನಿಂದ ವಿಮಾನ. ಇದು ಆಗುವ ಹೋಗುವ ಮಾತಲ್ಲ. ನಕ್ಷೆಯಲ್ಲಿ ಊರುಗಳು ಹತ್ತಿರ ಕಾಣುತ್ತವೆ, ನಡುವಿನ ರಸ್ತೆ ಮಾತ್ರ ಅನೇಕ ಕಡೆ ಒಂದೇ ಕಾರಿನ ಅಗಲ. ಎದುರಿಗೆ ಟ್ರ್ಯಾಕ್ಟರ್ ಬಂದರೆ ಅಂಚಿನಲ್ಲಿ ಜಾಗ ಸಿಗುವ ತನಕ ರಿವರ್ಸ್ ಹೋಗಬೇಕು. ಬಿಳಿ ವೃತ್ತದಲ್ಲಿ ಕಪ್ಪು ಓರೆಗೆರೆ ಇರುವ ಫಲಕ ಕಂಡರೆ ಅಂಥ ರಸ್ತೆಗೂ ಮಿತಿ ಗಂಟೆಗೆ 60 ಮೈಲಿ. ಹಾಗಂತ ಆ ತಿರುವುಗಳಲ್ಲಿ ಅರವತ್ತರಲ್ಲಿ ಓಡಿಸುವ ಧೈರ್ಯ ಮಾಡಬೇಡ. ಬೈಬರಿಯ ಆರ್ಲಿಂಗ್ಟನ್ ರೋ ಚೆಂದವೇ: 1380ರ ಸುಮಾರಿಗೆ ಮಠದವರ ಉಣ್ಣೆ ಉಗ್ರಾಣವಾಗಿದ್ದದ್ದು 17ನೇ ಶತಮಾನದಲ್ಲಿ ನೇಕಾರರ ಮನೆಗಳ ಸಾಲಾಯಿತು. ಆದರೆ ಬೇಸಿಗೆಯ ಭಾನುವಾರ ಅಲ್ಲಿ ಕಾರು ನಿಲ್ಲಿಸುವ ಜಾಗ ಹುಡುಕುವುದರಲ್ಲೇ ಅರ್ಧ ದಿನ ಹೋದೀತು. ಅದನ್ನು ಕೈಬಿಡು. ಒಂದು ನಡಿಗೆ, ಒಂದು ಊಟ, ಆಮೇಲೆ ರಸ್ತೆ. ಅಷ್ಟು ಸಾಕು.

ಕೊನೆಯ ದಿನದ ಕೆಲಸ ಹಿಂದಿನ ಸಂಜೆಯೇ ಶುರು. ಹೆಚ್ಚಿನ ಕಾಟೇಜ್‌ಗಳನ್ನು ಬೆಳಗ್ಗೆ ಹತ್ತಕ್ಕೆ ಬಿಡಬೇಕು. ಹತ್ತು ಅಂದರೆ ಹತ್ತೇ, ಕ್ಲೀನಿಂಗ್‌ನವರು ಬಾಗಿಲಲ್ಲಿ ನಿಂತಿರುತ್ತಾರೆ. ಶನಿವಾರ ರಾತ್ರಿ ಒಗ್ಗರಣೆ ಬೇಡ ಅಂತ ಅತ್ತಿಗೆಗೆ ಈಗಲೇ ಹೇಳಿಡು. ಸಾಸಿವೆ ಸಿಡಿದ ಹೊಗೆಗೆ ಅಲಾರಂ ಕೂಗುತ್ತದೆ, ಇಂಗಿನ ಘಾಟು ಪರದೆಗಳಲ್ಲಿ ಉಳಿಯುತ್ತದೆ. ಬಿಳಿ ಪ್ಲಾಸ್ಟಿಕ್ ಮಣೆಗೋ ಮರದ ಸೌಟಿಗೋ ಅರಿಶಿನ ಹಿಡಿದಿದ್ದರೆ ಉಜ್ಜಿ ಕೈ ನೋಯಿಸಿಕೊಳ್ಳಬೇಡಿ. ತೊಳೆದು ಬಿಸಿಲು ಬೀಳುವ ಕಿಟಕಿಯಲ್ಲಿಡಿ. ಅರಿಶಿನದ ಬಣ್ಣ ಬೆಳಕಿಗೆ ಮಾಸುತ್ತದೆ. ಎರಡು ದಿನ ಮೊದಲೇ ಇಟ್ಟರೆ ಒಳ್ಳೆಯದು, ಅಲ್ಲಿನ ಬಿಸಿಲನ್ನು ನಂಬುವ ಹಾಗಿಲ್ಲ. ಉಳಿದ ಎಣ್ಣೆಯನ್ನು ಸಿಂಕಿಗೆ ಸುರಿಯಬೇಡಿ. ಹಳ್ಳಿಮನೆಗಳಲ್ಲಿ ಎಷ್ಟೋ ಕಡೆ ಇರುವುದು ಸೆಪ್ಟಿಕ್ ಟ್ಯಾಂಕ್. ಎಣ್ಣೆ ಒಳಗೆ ಗಟ್ಟಿಯಾಗುತ್ತದೆ, ಒದ್ದೆ ವೈಪ್ಸ್ ಅದಕ್ಕೆ ಅಂಟಿಕೊಂಡು ಪೈಪ್ ಕಟ್ಟುತ್ತದೆ. ಎಣ್ಣೆಯನ್ನು ಖಾಲಿ ಡಬ್ಬಿಗೆ ತುಂಬಿ ಕಸಕ್ಕೆ ಹಾಕಿ. ಅಡುಗೆಮನೆಯಲ್ಲಿ ಆಗಾ ಅನ್ನುವ ಎರಕದ ದೊಡ್ಡ ಒಲೆ ಸದಾ ಬಿಸಿಯಾಗಿದ್ದರೆ, ಹೊರಡುವಾಗ ಆರಿಸುವ ಉಪಕಾರ ಮಾಡಬೇಡಿ. ಮತ್ತೆ ಕಾಯಲು ಗಂಟೆಗಟ್ಟಲೆ ಹಿಡಿಯುತ್ತದೆ. ಮೇಲಿನ ಮುಚ್ಚಳ ಮುಚ್ಚಿ ಬಂದರೆ ಮುಗಿಯಿತು. ಕೀಲಿಯನ್ನು ಗೋಡೆಯ ಅಂಕಿಬೀಗದ ಪೆಟ್ಟಿಗೆಯಲ್ಲಿಟ್ಟು ಅಂಕಿಗಳನ್ನು ಕಲಸಿಬಿಡಿ.

ನಡಿಗೆಗೆ ಬೋರ್ಟನ್-ಆನ್-ದ-ವಾಟರ್‌ನಿಂದ ಅಪ್ಪರ್ ಸ್ಲಾಟರ್‌ವರೆಗಿನ ವಾರ್ಡನ್ಸ್ ವೇ ಅನ್ನುವ ಕಾಲುದಾರಿ ಹಿಡಿಯಿರಿ. ಕಾರನ್ನು ಬೋರ್ಟನ್ನಿನ ಪೇ ಪಾರ್ಕಿಂಗ್‌ನಲ್ಲೇ ಬಿಡಿ, ನಡುವೆ ಸಿಗುವ ಲೋವರ್ ಸ್ಲಾಟರ್‌ನಲ್ಲಿ ಜಾಗ ಕಡಿಮೆ. ಸೂಟ್‌ಕೇಸ್ ಡಿಕ್ಕಿಯೊಳಗಿರಲಿ, ಹಿಂದಿನ ಸೀಟಿನಲ್ಲಿ ಚೀಲದ ತುದಿಯೂ ಕಾಣಬಾರದು. ಪಾಸ್‌ಪೋರ್ಟ್ ಮೈಮೇಲೇ ಇರಲಿ. ಹೋಗಿಬರಲು ಸುಮಾರು ಐದು ಮೈಲಿ, ನಿಂತು ನೋಡುತ್ತ ನಡೆದರೆ ಎರಡೂವರೆ ಗಂಟೆ. ಬ್ರಿಟನ್ನಿನ ನಕ್ಷೆ ಸಂಸ್ಥೆ ಆರ್ಡ್‌ನೆನ್ಸ್ ಸರ್ವೇಯ ಒಎಲ್ 45 ನಕ್ಷೆಯಲ್ಲಿ ಸಾರ್ವಜನಿಕ ಕಾಲುದಾರಿ ಹಸಿರು ಚುಕ್ಕೆಗೆರೆಯಲ್ಲಿದೆ. ದಾರಿಯ ಕಂಬ, ಗೇಟುಗಳ ಮೇಲೆ ಹಳದಿ ಬಾಣ ಕಂಡರೆ ಅದು ನಡೆಯುವವರ ದಾರಿ, ನೀಲಿ ಬಾಣದ ದಾರಿಯಲ್ಲಿ ಕುದುರೆ, ಸೈಕಲ್ಲೂ ಬರುತ್ತವೆ. ಗೇಟು ತೆರೆದಿದ್ದರೆ ತೆರೆದೇ ಬಿಡಿ, ಮುಚ್ಚಿದ್ದರೆ ಮುಚ್ಚಿ. ಕರು ಜೊತೆಗಿರುವ ಹಸುಗಳನ್ನು ಮಾತ್ರ ನಮ್ಮೂರಿನ ಹಸು ಅಂದುಕೊಂಡು ಸವರಲು ಹೋಗಬೇಡಿ. ಸುತ್ತು ಹಾಕಿ ದೂರದಿಂದ ದಾಟಿ.

ಲೋವರ್ ಸ್ಲಾಟರ್‌ನಿಂದ ಐ ನದಿಯ ಪಕ್ಕ ನಡೆಯುವಾಗ ಮನೆಗಳ ಮಾಡು ನೋಡಿ. ಅದು ಹೆಂಚಲ್ಲ, ಸೀಳಿದ ಸುಣ್ಣಕಲ್ಲು. ಸೂರಿನ ಅಂಚಿನಲ್ಲಿ ಅಗಲ ಕಲ್ಲು, ಮೇಲೆ ಹೋದಂತೆ ಚಿಕ್ಕದಾಗುತ್ತ ನೆತ್ತಿಯಲ್ಲಿ ಅಂಗೈಯಗಲ. ಭಾರದ ಕಲ್ಲು ಗೋಡೆಯ ಮೇಲೆ ಕೂತರೆ ಮರದ ತೊಲೆಗೆ ಹೊರೆ ಕಡಿಮೆ, ಗಣಿಯಿಂದ ಬಂದ ಚೂರೂ ಹಾಳಾಗುವುದಿಲ್ಲ. ಕಲ್ಲಿಗೆ ಜೇನಿನ ಬಣ್ಣ ಬಂದದ್ದು ಅದರೊಳಗಿನ ಕಬ್ಬಿಣದಿಂದ. ಮುರಿದ ಕಲ್ಲಿನ ಹತ್ತಿರ ಕಣ್ಣಿಟ್ಟು ನೋಡಿದರೆ ರವೆಯಂಥ ದುಂಡು ಕಾಳುಗಳು ಕಾಣುತ್ತವೆ. ಜುರಾಸಿಕ್ ಕಾಲದಲ್ಲಿ ಬೆಚ್ಚಗಿನ ಆಳವಿಲ್ಲದ ಸಮುದ್ರದಲ್ಲಿ ಉರುಳುತ್ತ ಉರುಳುತ್ತ ಸುಣ್ಣ ಮೆತ್ತಿಕೊಂಡ ಕಣಗಳು ಅವು. ಹೊಲದ ಬೇಲಿಗೋಡೆಗೆ ಗಾರೆಯೇ ಇಲ್ಲ, ಫೋಟೋಗೆಂದು ಹತ್ತಿದರೆ ಮೇಲಿನ ಕಲ್ಲು ಜಾರುತ್ತದೆ. ಅಪ್ಪರ್ ಸ್ಲಾಟರ್‌ನಿಂದ ಎರಡೂ ಮಹಾಯುದ್ಧಗಳಿಗೆ ಹೋದವರೆಲ್ಲ ಜೀವಂತ ಮರಳಿದರು. ಇಂಗ್ಲೆಂಡಿನಲ್ಲಿ ಇಂಥ ಊರುಗಳು ಬೆರಳೆಣಿಕೆಯಷ್ಟು.

ಭಾನುವಾರದ ಪಬ್ ಊಟಕ್ಕೆ ಒಂದು ಗಂಟೆಗೆ ಮೇಜು ಮುಂಚೆಯೇ ಕಾದಿರಿಸು. ಬಾಗಿಲು ತೆರೆದಿದ್ದರೂ ಅಡುಗೆಮನೆ ಮೂರು-ನಾಲ್ಕಕ್ಕೆ ಮುಚ್ಚಿಬಿಡುತ್ತದೆ. ಅನೇಕ ಕಡೆ ಬಡಿಸುವವರು ಬಂದು ಕೇಳುವುದಿಲ್ಲ. ಮೇಜಿನ ನಂಬರ್ ನೋಡಿಕೊಂಡು ನೀನೇ ಕೌಂಟರ್‌ಗೆ ಹೋಗಿ ಹೇಳಬೇಕು. ಅತ್ತಿಗೆ ಮೊಟ್ಟೆಯನ್ನೂ ಮುಟ್ಟುವುದಿಲ್ಲವಲ್ಲ, ಹಾಗಾಗಿ 'ವೆಜಿಟೇರಿಯನ್' ಅಂದರೆ ಸಾಲದು. ಊಟದ ಜೊತೆ ಕೊಡುವ ಉಬ್ಬಿದ ಯಾರ್ಕ್‌ಷೈರ್ ಪುಡ್ಡಿಂಗ್‌ನಲ್ಲಿ ಮೊಟ್ಟೆ ಇದ್ದೇ ಇರುತ್ತದೆ. ಹುರಿದ ಆಲೂಗಡ್ಡೆ ಬಾತುಕೋಳಿಯ ಕೊಬ್ಬಿನಲ್ಲೋ ದನದ ಕೊಬ್ಬಿನಲ್ಲೋ ಬೆಂದಿರಬಹುದು. ಗ್ರೇವಿ ಮಾಂಸದ್ದಿರಬಹುದು, ಮಾಂಸದ ಬದಲು ಕೊಡುವ ಬೀಜಗಳ ನಟ್ ರೋಸ್ಟ್ ಕೂಡ ಮೊಟ್ಟೆಯಿಂದ ಕಟ್ಟಿದ್ದಿರಬಹುದು. ನಾಲ್ಕನ್ನೂ ಬೇರೆ ಬೇರೆ ಕೇಳಿ. 'ವೀಗನ್ ಪ್ಲೇಟ್ ಇದೆಯಾ', ಅಂದರೆ ಹಾಲು-ಮೊಟ್ಟೆಯೂ ಇಲ್ಲದ್ದು, ಅಂತ ಕೇಳಿದರೆ ಒಂದೇ ಮಾತಿಗೆ ಮುಗಿದೀತು.

ಖರೀದಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಇಂಗ್ಲೆಂಡಿನಲ್ಲಿ ಭಾನುವಾರ ದೊಡ್ಡ ಅಂಗಡಿಗಳಿಗೆ ಆರು ಗಂಟೆ ಮಾತ್ರ ವ್ಯಾಪಾರ. 2021ರಿಂದ ಪ್ರವಾಸಿಗಳಿಗೆ ವಿಮಾನ ನಿಲ್ದಾಣದಲ್ಲಿ ವ್ಯಾಟ್ ತೆರಿಗೆ ವಾಪಸ್ ಕೊಡುವುದೂ ನಿಂತಿದೆ, ಬಿಲ್ ಜೋಪಾನ ಮಾಡುವ ಕಷ್ಟ ಬೇಡ. ಚಿಲ್ಲರೆ ಪೌಂಡ್, ಪೆನ್ನಿಗಳನ್ನು ಪಾರ್ಕಿಂಗ್ ಯಂತ್ರಕ್ಕೋ, ತೋಟದ ಗೇಟಿನ ಬಳಿ ಜ್ಯಾಮ್ ಇಟ್ಟು ದುಡ್ಡಿನ ಡಬ್ಬಿ ಇಟ್ಟಿರುತ್ತಾರಲ್ಲ, ಅಲ್ಲಿಗೋ ಹಾಕಿ ಮುಗಿಸು. ಬೆಂಗಳೂರಿನಲ್ಲಿ ನಾಣ್ಯ ಬದಲಿಸಿಕೊಡುವವರು ಸಿಗುವುದು ಕಷ್ಟ. ಜ್ಯಾಮ್ ಚೆಕ್-ಇನ್ ಲಗೇಜಿಗೆ, ಬಟ್ಟೆಯ ನಡುವೆ.

ಎರಡೂವರೆಗೆ ಹೊರಟುಬಿಡಿ. ದಾರಿ ಹೀಗೆ: ಸ್ಟೋ, ಬರ್ಫರ್ಡ್, ಎ40 ರಸ್ತೆಯಲ್ಲಿ ವಿಟ್ನಿ, ಆಕ್ಸ್‌ಫರ್ಡ್ ಹೊರವರ್ತುಲ, ಆಮೇಲೆ ಎಂ40, ಎಂ25 ಮೋಟಾರ್‌ವೇಗಳು. ಖಾಲಿ ರಸ್ತೆಯಲ್ಲಿ ಎರಡು ಗಂಟೆಯೊಳಗೆ ಮುಟ್ಟಬಹುದು. ಆದರೆ ವಿಟ್ನಿ ದಾಟಿದ ಮೇಲೆ ಎ40 ಕಟ್ಟಿಕೊಳ್ಳುವುದುಂಟು, ಭಾನುವಾರ ಸಂಜೆ ಲಂಡನ್ನಿಗೆ ಮರಳುವವರ ಸಾಲು ಬೇರೆ. ಹಾಗಾಗಿ ಮೂರು ಗಂಟೆ ಲೆಕ್ಕ ಹಾಕು. ಇಂಧನವನ್ನು ಮೋಟಾರ್‌ವೇ ಸರ್ವಿಸ್‌ನಲ್ಲಿ ಹಾಕಿಸಬೇಡ, ಅಲ್ಲಿ ದುಬಾರಿ. ಹೀಥ್ರೂ ಹತ್ತಿರದ ಸೂಪರ್‌ಮಾರ್ಕೆಟ್ ಬಂಕಿನಲ್ಲಿ ತುಂಬಿಸಿ ರಸೀದಿ ಇಟ್ಟುಕೋ. ಹಸಿರು ಹಿಡಿಕೆ ಪೆಟ್ರೋಲ್, ಕಪ್ಪು ಡೀಸೆಲ್. ತಪ್ಪಿ ಬೇರೆಯದು ಬಿದ್ದರೆ ಎಂಜಿನ್ ಸ್ಟಾರ್ಟ್ ಮಾಡಲೇಬೇಡ, ಬಾಡಿಗೆಯವರ ಸಹಾಯವಾಣಿಗೆ ಫೋನ್ ಮಾಡು. ಕಾರು ಹಿಂದಿರುಗಿಸುವ ಅಂಗಳಗಳು ಹೆಚ್ಚಾಗಿ ಟರ್ಮಿನಲ್ ಹೊರಗಿವೆ, ಅಲ್ಲಿಂದ ಶಟಲ್ ಬಸ್. ಕೀಲಿ ಕೊಡುವ ಮುಂಚೆ ಇಂಧನದ ಮುಳ್ಳು, ಓಡಿದ ಮೈಲಿ, ನಾಲ್ಕೂ ಮೂಲೆಗಳ ಫೋಟೋ ತೆಗೆ. ಎಡಗಡೆಯ ಚಕ್ರದ ರಿಮ್‌ಗಳನ್ನು ಹತ್ತಿರದಿಂದ ತೆಗೆ. ಇಕ್ಕಟ್ಟಿನ ರಸ್ತೆಯಲ್ಲಿ ಅಂಚಿನ ಕಲ್ಲಿಗೆ ಉಜ್ಜುವುದು ಅವೇ, ಆಮೇಲೆ ಬಿಲ್ ಬರುವುದೂ ಅವಕ್ಕೇ. ಅತ್ತಿಗೆಯನ್ನೂ ಲಗೇಜನ್ನೂ ಮೊದಲು ಟರ್ಮಿನಲ್‌ನಲ್ಲಿ ಇಳಿಸುವೆಯಾದರೆ ಅದಕ್ಕೂ ಶುಲ್ಕವಿದೆ. ಗೇಟೂ ಇಲ್ಲ, ಹಣ ಕೇಳುವವರೂ ಇಲ್ಲ, ಕ್ಯಾಮೆರಾ ನಂಬರ್ ಹಿಡಿದುಕೊಳ್ಳುತ್ತದೆ. ಮರುದಿನ ಮಧ್ಯರಾತ್ರಿಯೊಳಗೆ ಆನ್‌ಲೈನ್‌ನಲ್ಲಿ ಕಟ್ಟದಿದ್ದರೆ ದಂಡ. ಆ ಹೊತ್ತಿಗೆ ನೀನು ಬೆಂಗಳೂರಿನಲ್ಲಿ ನಿದ್ದೆಯಲ್ಲಿರುತ್ತೀಯ, ಅದಕ್ಕೇ ವಿಮಾನ ಹತ್ತುವ ಮುಂಚೆಯೇ ಕಟ್ಟಿಬಿಡು.

ಇಂತಿ ನಿನ್ನ,
ರಘು