ಯುಸೇಬಿಯಸ್ ಬಿಟ್ಟ ಹೆಸರು

ಪ್ರೀತಿಯ ತಂಗಿ,

ರೋಮಿನವರ ಕೈಯಲ್ಲಿ ಹಿಂಸೆಪಟ್ಟ ಮೊದಮೊದಲ ಕ್ರೈಸ್ತರ ಮೇಲೆ ನೀನು ಬರೆದ ಕಾದಂಬರಿಯ ಹಸ್ತಪ್ರತಿಯನ್ನು ಎರಡು ಸಲ ಓದಿದೆ. ಕಾಗುಣಿತ, ಪ್ರಕಾಶಕರು, ಅದೆಲ್ಲ ಆಮೇಲೆ. ಸುಟ್ಟುಬಿಡಲೇ ಎಂದು ಕೇಳಿದ್ದೀಯ. ಬೇಡ ಕಣಮ್ಮ. ಪರ್ಪೆಟುವಾ ಬರುವ ಕಡೆ ನನ್ನ ಗಂಟಲು ಕಟ್ಟಿತು. ಆದರೆ ಅವಳ ಬಾಯಿಗೆ ಅಷ್ಟುದ್ದ ಭಾಷಣ ಯಾಕೆ ತುರುಕಿದೆ? ಕ್ರಿಸ್ತನನ್ನು ನಂಬಿದ್ದಕ್ಕೆ ಸೆರೆಯಾಗಿ, ಕ್ರಿ.ಶ. 203ರಲ್ಲಿ, ಉತ್ತರ ಆಫ್ರಿಕದ ಕಾರ್ಥೇಜಿನ ಸೆರೆಮನೆಯಲ್ಲಿ ಕೂತು ಆಕೆ ತಾನೇ ಬರೆದಳು. ವಯಸ್ಸು 22ರ ಆಸುಪಾಸು, ಮೊಲೆಹಾಲು ಕುಡಿಯುವ ಕೂಸು ಬೇರೆ. ಬರೆದದ್ದೇನು? ಕತ್ತಲೆಗೆ ಹೆದರಿದ್ದು, ಸೆಕೆ, ಮಗುವಿನ ಚಿಂತೆ, ಕಾಲಿಗೆ ಬಿದ್ದು ಬೇಡಿಕೊಂಡ ಅಪ್ಪ. ಅಷ್ಟು ಸಾಕಲ್ವಾ?

ರೋಮಿನವರನ್ನೆಲ್ಲ ರಾಕ್ಷಸರು ಮಾಡಿದ್ದೂ ಹಿಡಿಸಲಿಲ್ಲ. ಅದೇ ಊರಿನ ಕ್ರೈಸ್ತ ಲೇಖಕ ತೆರ್ತುಲಿಯನ್, 197ರ ಸುಮಾರಿಗೆ, ಚಕ್ರವರ್ತಿಗಾಗಿ ಪ್ರಾರ್ಥಿಸುತ್ತೇವೆ, ಆದರೆ ಅವನನ್ನು ದೇವರು ಅನ್ನುವುದಿಲ್ಲ ಎಂದು ವಾದಿಸಿದ. ರೋಮ್ ಇರುವ ತನಕ ಲೋಕದ ಕೊನೆ ಮುಂದಕ್ಕೆ ಹೋಗುತ್ತದೆ ಎಂದು ನಂಬಿದ್ದವನು ಅವನು. ಹೊಡೆಯುವ ಕೈಗೇ ಆಯುಸ್ಸು ಬೇಡುವ ಆ ಇಕ್ಕಟ್ಟು ನಿನ್ನ ಕಾದಂಬರಿಯಲ್ಲಿ ಎಲ್ಲೂ ಇಲ್ಲ.

ನಾನು ನಿಜವಾಗಿ ಹೇಳಬೇಕಾದ್ದು ಕ್ರೈಸ್ತರ ಚರಿತ್ರೆ ಬರೆದ ಬಿಷಪ್ ಯುಸೇಬಿಯಸನ ವಿಷಯ. 303ರಲ್ಲಿ ರೋಮಿನ ಚಕ್ರವರ್ತಿ ಡಯೊಕ್ಲೀಷಿಯನ್ ಕ್ರೈಸ್ತರ ಮೇಲೆ ಹಿಂಸೆ ಶುರುಮಾಡಿದ. 310ರ ಸುಮಾರಿಗೆ ಯುಸೇಬಿಯಸನ ಗುರು ಪಾಂಫಿಲಸನನ್ನು ಪ್ಯಾಲೆಸ್ತೀನಿನ ಸಿಸೇರಿಯಾದಲ್ಲಿ ಕೊಂದರು. ಈಜಿಪ್ಟಿನಲ್ಲಿ ಕ್ರೈಸ್ತರನ್ನು ಕಡಿದು ಕಡಿದು ಆಯುಧ ಮೊಂಡಾದದ್ದು, ಕಡಿಯುವವರು ದಣಿದು ಸರದಿ ಬದಲಾಯಿಸಿದ್ದು, ಎಲ್ಲವನ್ನೂ ಯುಸೇಬಿಯಸ್ ಕಣ್ಣಾರೆ ಕಂಡು ಬರೆದ. ಎಂಥ ಗಟ್ಟಿ ಕೈ! ಆಮೇಲೆ ಕ್ರೈಸ್ತರ ಪರ ನಿಂತ ಚಕ್ರವರ್ತಿ ಕಾನ್‌ಸ್ಟಂಟೈನ್ ಬಂದ. 325ರಲ್ಲಿ ನೈಸಿಯಾದ ಸಭೆಗೆ ಬಂದ ಬಿಷಪರಿಗೆ ಚಕ್ರವರ್ತಿಯ ಮನೆಯಲ್ಲಿ ಔತಣ. ಬಿಚ್ಚುಗತ್ತಿಯ ಕಾವಲಿನ ನಡುವೆ ಅವರು ಹೆದರದೆ ಒಳಗೆ ಹೋದರು. ಕ್ರಿಸ್ತನ ರಾಜ್ಯವೇ ಕಂಡಂತಾಯಿತು ಎಂದು ಬರೆದ ಯುಸೇಬಿಯಸ್. ಮರುವರ್ಷ ಚಕ್ರವರ್ತಿ ತನ್ನ ಮಗ ಕ್ರಿಸ್ಪಸನನ್ನೇ ಕೊಲ್ಲಿಸಿದ. ಯುಸೇಬಿಯಸ್ ಬರೆದ ಕಾನ್‌ಸ್ಟಂಟೈನನ ಚರಿತ್ರೆಯಲ್ಲಿ ಆ ಮಗನ ಹೆಸರೇ ಇಲ್ಲ.

ಅವನನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ನನ್ನ ಮೊದಲ ಪುಸ್ತಕ ಅಚ್ಚು ಹಾಕಿಸಿದ ಹಿರಿಯರೊಬ್ಬರ ಅಭಿನಂದನ ಗ್ರಂಥಕ್ಕೆ ಲೇಖನ ಬರೆದಿದ್ದೆ. ಅವರು ಮನೆಯ ಆಳಿನ ಮೇಲೆ ಕೈ ಮಾಡಿದ್ದನ್ನು ಕಂಡವನು ನಾನು. ಆ ಸಾಲು ಬರೆದೆ, ಹೊಡೆದುಹಾಕಿದೆ. ಯಾರೂ ಹೆದರಿಸಿರಲಿಲ್ಲ. ಅವರ ಋಣ ಇತ್ತು. ಇವತ್ತಿಗೂ ಆ ಗ್ರಂಥವನ್ನು ತೆರೆಯಲಾರೆ.

ನಿನ್ನ ಕಾದಂಬರಿ 313ಕ್ಕೆ, ಹಿಂಸೆ ನಿಂತ ಖುಷಿಯಲ್ಲಿ ಮುಗಿಯುತ್ತದೆ. ಸುಮ್ನೆ ಅಲ್ಲಿಗೆ ಬಿಡಬೇಡ. ಯುಸೇಬಿಯಸನನ್ನು ಆ ಔತಣದಲ್ಲಿ ಕೂರಿಸಿ ಇನ್ನೊಂದು ಅಧ್ಯಾಯ ಬರೆ. ಮಳೆಗಾಲ ಮುಗಿಯುವುದರೊಳಗೆ ಕಳಿಸು, ಕಾಯುತ್ತಿರುತ್ತೇನೆ.

ನಿನ್ನ ಅಣ್ಣ